ವರದಿಗಾರ್ತಿಯ ನಲವತ್ತನೆಯ ಪುಟ

ಪ್ರಜ್ಞೆಯಿಲ್ಲದವರ ಜೊತೆ ಅಷ್ಟು ಮರ್ಯಾದೆಯಿಂದ ಮಾತನಾಡುವವರನ್ನು ಆ ಐಸಿಯು ಅದುವರೆಗೆ ಕಂಡಿರಲಿಲ್ಲ. ಬಾಯಿಗೆ ಕೊಳವೆ, ಕುತ್ತಿಗೆಗೆ ಸೂಜಿ, ಎದೆಗೆ ತಂತಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಮಲಗಿದವರ ಬಳಿಗೆ ಹೋಗಿ, ಬಗ್ಗಿ, ಕಿವಿಯ ಹತ್ತಿರ, "ಎಡಗಡೆ ತಿರುಗಿಸ್ತೀನಿ, ಬೆನ್ನಿಗೆ ಸ್ವಲ್ಪ ತಣ್ಣಗಾಗುತ್ತೆ, ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ, ಉತ್ತರಕ್ಕೆ ಕಾಯುವವಳಂತೆ ಒಂದು ಕ್ಷಣ ನಿಂತು, ಆಮೇಲೆಯೇ ಅವಳು ಕೈ ಹಚ್ಚುತ್ತಿದ್ದುದು. ಹೊರಗೆ ಮೋಡ ಮುಸುಕಿದೆ ಎನ್ನುವುದನ್ನೂ, ಮಗಳು ಬಂದು ಬಾಗಿಲಾಚೆ ಕುಳಿತಿದ್ದಾಳೆ ಎನ್ನುವುದನ್ನೂ ಅದೇ ದನಿಯಲ್ಲಿ ತಿಳಿಸುತ್ತಿದ್ದಳು. ವಾರ್ಡಿನವರು ಅವಳಿಗೆ ವರದಿಗಾರ್ತಿ ಎಂದು ಹೆಸರಿಟ್ಟಿದ್ದರು. ಎಚ್ಚರವಿದ್ದವರ ಜೊತೆ ಮಾತ್ರ ಅವಳ ಮಾತು ಅಳೆದು ತೂಗಿದಂತೆ. "ನಮಗೂ ಒಂದು ಟ್ಯೂಬ್ ಹಾಕಿ ಮಲಗಿಸಿ ಸಿಸ್ಟರ್, ಆಗಲಾದ್ರೂ ನಾಲ್ಕು ಮಾತಾಡ್ತೀರೇನೋ" ಎಂದು ಆಯಾ ಛೇಡಿಸಿದರೆ, ನಕ್ಕು ಮುಂದಿನ ಹಾಸಿಗೆಗೆ ಹೋಗುತ್ತಿದ್ದಳು.

ಆ ನಗು ದೊಡ್ಡಕ್ಕನಿಗೆ ಆಗುತ್ತಿರಲಿಲ್ಲ.

ದೊಡ್ಡಕ್ಕ ಎಂದರೆ ಆ ಘಟಕದ ಹಿರಿಯ ನರ್ಸ್. ಹತ್ತೊಂಬತ್ತು ವರ್ಷ ಅದೇ ಹನ್ನೆರಡು ಹಾಸಿಗೆಗಳ ನಡುವೆ ಓಡಾಡಿದವಳು. ಹೊಸ ಡಾಕ್ಟರುಗಳು ಔಷಧಿಯ ಪ್ರಮಾಣ ಬರೆದು, ಸರಿಯೇ ಎಂದು ಅವಳ ಹುಬ್ಬಿನ ಕಡೆ ನೋಡುತ್ತಿದ್ದರು. ಅಂಥವಳ ಕಣ್ಣು ಆರು ವರ್ಷದಿಂದ ಒಬ್ಬಳೇ ಒಬ್ಬಳ ಬೆನ್ನು ಹತ್ತಿತ್ತು. ವರದಿಗಾರ್ತಿ ಒಂದು ಹೆಗಲನ್ನು ಮುಂದೆ ಮಾಡಿ ಅಡ್ಡಡ್ಡವಾಗಿ ನಡೆಯುತ್ತಿದ್ದಳು. ತಂತಿ, ಕಂಬ, ಯಂತ್ರಗಳ ಸಂದಿಯಲ್ಲಿ ನುಸುಳಿ ನುಸುಳಿ ಬಂದ ನಡಿಗೆ ಅದು. ಬಸ್ಸಿಳಿದು ಖಾಲಿ ಬೀದಿಯಲ್ಲಿ ಬರುವಾಗಲೂ ಹಾಗೆಯೇ ಬರುತ್ತಿದ್ದಳು. ಮೊಣಕೈ ಕೆಳಗೆ ಬಟ್ಟೆ ಇರಕೂಡದೆಂಬ ನಿಯಮ, ಎಲುಬು ಕೊರೆಯುವ ಏಸಿ ಎರಡನ್ನೂ ರಾಜಿ ಮಾಡಿಸಲು ತೋಳು ಕತ್ತರಿಸಿ ಬಿಳಿ ದಾರದಲ್ಲಿ ಅಂಚು ಹೊಲಿದ ಹಸಿರು ಸ್ವೆಟರ್ ತೊಡುತ್ತಿದ್ದಳು. ಒಂದು ಭಾನುವಾರ ದೊಡ್ಡಕ್ಕ ತನ್ನ ಹಳೆಯ ಸ್ವೆಟರಿಗೂ ಕತ್ತರಿ ಹಾಕಿದಳು. ಗಂಡ "ಏನದು?" ಎಂದು ಕೇಳಿದ್ದಕ್ಕೆ "ಕಿಟಕಿ ಒರೆಸೋಕೆ ಬಟ್ಟೆ" ಎಂದು ಹೇಳಿ, ಆ ಮಾತು ಉಳಿಸಿಕೊಳ್ಳುವುದಕ್ಕಾಗಿ ಮನೆಯ ಐದೂ ಕಿಟಕಿಗಳನ್ನು ಒರೆಸಬೇಕಾಯಿತು.

ಗಂಡನಿಗೆ ಎಲ್ಲವೂ ಗೊತ್ತಿತ್ತು. ಊಟಕ್ಕೆ ಕುಳಿತಾಗಲೆಲ್ಲ ವರದಿಗಾರ್ತಿಯ ಮಾತೇ. "ಇನ್ನೊಂದು ತಟ್ಟೆ ಇಡೇ" ಎನ್ನುತ್ತಿದ್ದ ಅವನು. "ದಿನಾ ನಮ್ಮ ಜೊತೆ ಊಟಕ್ಕೆ ಕೂರ್ತಾಳೆ, ಪಾಪ, ಬರಿಗೈಲಿ ಎದ್ದು ಹೋಗ್ತಾಳೆ."

ಈ ಹೊಟ್ಟೆಕಿಚ್ಚಿಗೆ ತುಪ್ಪ ಸುರಿದದ್ದು ಹೊಸ ಪ್ರಮಾಣಪತ್ರ. ಅದನ್ನು ಪಡೆದ ನರ್ಸು, ಮೊದಲೇ ಗೊತ್ತುಮಾಡಿದ ಮಿತಿಯೊಳಗೆ, ಡಾಕ್ಟರಿಗಾಗಿ ಕಾಯದೆ, ತಾನೇ ವೆಂಟಿಲೇಟರಿನ ಅಳತೆ ಬದಲಿಸಬಹುದು, ತಾನೇ ಔಷಧಿ ಆರಂಭಿಸಬಹುದು. ಘಟಕಕ್ಕೆ ಅಂಥ ಹುದ್ದೆ ಒಂದೇ. ಹಿಂದಿನ ವರ್ಷ ದೊಡ್ಡಕ್ಕ ಪರೀಕ್ಷೆಗೆ ಕುಳಿತು ಬರಹದಲ್ಲಿ ಗೆದ್ದು, ರೋಗಿಯ ಬದಲಿಗೆ ಮಲಗಿಸಿದ್ದ ಪ್ಲಾಸ್ಟಿಕ್ ಗೊಂಬೆಯ ಮುಂದೆ ಸೋತಿದ್ದಳು. ಗೊಂಬೆಯ ಯಂತ್ರದ ಅಲಾರಂ ಕೂಗಿದ ಕೂಡಲೇ ಅವಳ ಕೈ ಹೋಗಿ ಸದ್ದಿನ ಗುಂಡಿ ಒತ್ತಿತು. ಮೊದಲು ರೋಗಿ, ಆಮೇಲೆ ಯಂತ್ರ ಎನ್ನುತ್ತದೆ ನಿಯಮ. ವರ್ಷಗಟ್ಟಲೆ ಅವಳ ಕೈ ಸದ್ದು ಅಡಗಿಸುವಾಗ ಕಣ್ಣು ರೋಗಿಯ ಮೇಲೇ ಇರುತ್ತಿತ್ತು; ಆದರೆ ಆ ಗೊಂಬೆಯ ಮುಖದಲ್ಲಿ ನೋಡುವುದಕ್ಕೆ ಏನಿತ್ತು? ಪರೀಕ್ಷಕ ಕೈಯನ್ನು ನೋಡಿದ, ಕಣ್ಣನ್ನು ನೋಡಲಿಲ್ಲ. ಪರೀಕ್ಷೆಯಲ್ಲಿ ಸೋತವರು ಮತ್ತೆ ಕುಳಿತುಕೊಳ್ಳಲು ಎರಡು ವರ್ಷ ಕಾಯಬೇಕು.

ಈ ವರ್ಷ ವರದಿಗಾರ್ತಿಯ ಸರದಿ. ಬರಹವನ್ನೂ ಗೊಂಬೆಯನ್ನೂ ದಾಟಿದ್ದಳು. ಇನ್ನು ಉಳಿದದ್ದು ನಲವತ್ತು ಪುಟದ ಲಾಗ್‌ಬುಕ್. ಪುಟಕ್ಕೊಂದು ಕೆಲಸ, ಪ್ರತಿಯೊಂದನ್ನೂ ಹಿರಿಯರೊಬ್ಬರು ಕಣ್ಣಾರೆ ನೋಡಿ ಸಹಿ ಮಾಡಬೇಕು. ಆ ಹಿರಿಯರು ದೊಡ್ಡಕ್ಕನಲ್ಲದೆ ಇನ್ನಾರು? ಹಲ್ಲು ಕಚ್ಚಿ ಮೂವತ್ತೊಂಬತ್ತು ಸಹಿ ಹಾಕಿಯಾಗಿತ್ತು. ನಲವತ್ತನೆಯದು, ರೋಗಿಯನ್ನು ಯಂತ್ರದಿಂದ ಬಿಡಿಸಿ, ಗಂಟಲಿನ ಕೊಳವೆ ತೆಗೆಯುವುದು. ಮೊದಲಿನಿಂದ ಕೊನೆಯವರೆಗೆ, ಯಾರ ನೆರವೂ ಇಲ್ಲದೆ. ಪುಸ್ತಕ ಶನಿವಾರದೊಳಗೆ ತಲುಪಬೇಕಿತ್ತು.

ಬುಧವಾರ ಬೆಳಿಗ್ಗೆ ಏಳನೆಯ ಹಾಸಿಗೆಯ ಬಸ್ ಡ್ರೈವರ್ ಕಣ್ಣು ಬಿಟ್ಟ. ವರದಿಗಾರ್ತಿ ಯಂತ್ರದ ಆಸರೆಯನ್ನು ಇಳಿಸಿ, ಅರ್ಧ ಗಂಟೆ ಅವನೇ ಉಸಿರಾಡಲೆಂದು ಪಕ್ಕದಲ್ಲಿ ನಿಂತಳು. "ಈಗ ಗಾಡಿ ನಿಮ್ಮ ಕೈಲಿದೆ. ನಿಧಾನ. ಏರು ಮುಗೀತಾ ಬಂತು" ಎಂದು ಅವನಿಗೆ ಹೇಳುತ್ತಿದ್ದಳು. ದೊಡ್ಡಕ್ಕ ಪುಸ್ತಕ ಹಿಡಿದು ತಪ್ಪು ಹುಡುಕುತ್ತಿದ್ದಳು, ಒಂದೂ ಸಿಗಲಿಲ್ಲ. ಇಪ್ಪತ್ತನೆಯ ನಿಮಿಷದಲ್ಲಿ ಅಲಾರಂ ಕೂಗಿತು. ವರದಿಗಾರ್ತಿ ಯಂತ್ರದ ಕಡೆ ತಿರುಗದೆ ಡ್ರೈವರನ ಎದೆಯ ಮೇಲೆ ಅಂಗೈ ಇಟ್ಟು, ಕಫ ಕಟ್ಟಿದೆಯೇ ಎಂದು ಕಿವಿಗೊಟ್ಟಳು. ಅಷ್ಟರಲ್ಲಿ ದೊಡ್ಡಕ್ಕನ ಬೆರಳುಗಳು, ದೊಡ್ಡಕ್ಕನನ್ನೇ ಕೇಳದೆ, ಯಂತ್ರದ ಕೊಳವೆಯುದ್ದಕ್ಕೂ ಜಾರಿ, ಅದು ಹಾಸಿಗೆಗೂ ಕಂಬಿಗೂ ನಡುವೆ ಸಿಕ್ಕಿ ಮಡಿಚಿಕೊಂಡಿದ್ದ ಜಾಗ ಹುಡುಕಿ ಬಿಡಿಸಿದವು. ಸದ್ದು ನಿಂತಿತು. ಹತ್ತು ನಿಮಿಷದಲ್ಲಿ ಗಂಟಲಿನ ಕೊಳವೆ ಹೊರಗೆ ಬಂತು. ಡ್ರೈವರ್ ಕೆಮ್ಮಿ, ಒಡೆದ ದನಿಯಲ್ಲಿ "ನನ್ನ ಚಪ್ಪಲಿ ಎಲ್ಲಿ?" ಎಂದು ಕೇಳಿದ.

ಪುಸ್ತಕ ಎರಡು ದಿನ ದೊಡ್ಡಕ್ಕನ ಡ್ರಾಯರಿನಲ್ಲಿ ಬಿದ್ದಿತ್ತು. ತಾನು ಕೈ ಹಾಕಿದೆನೆಂದು ಬರೆದರೆ ಆ ಪುಟ ಅಲ್ಲಿಗೇ ರದ್ದು. ಬರೆಯುವುದೇ ನಿಯಮ. ಆದರೆ ಬರೆಯಲು ಹೋದಾಗಲೆಲ್ಲ ಎದೆಯಲ್ಲಿ ಒಂದು ಸಂತೋಷ ಚಿಮ್ಮುತ್ತಿತ್ತು. ಅದನ್ನು ಕಂಡು ಅವಳಿಗೇ ಹೇಸಿಗೆಯಾಗುತ್ತಿತ್ತು. ಸತ್ಯ ಹೇಳುವುದಕ್ಕೆ ಇಷ್ಟು ಖುಷಿಯಾದರೆ ಅದು ಎಂಥ ಸತ್ಯ? ಶುಕ್ರವಾರ ಸಂಜೆ, ಮನಸ್ಸನ್ನು ಮಗುವಿನ ರಟ್ಟೆ ಹಿಡಿದು ಎಳೆದಂತೆ ಎಳೆದು ತಂದು, "ಯಾರ ನೆರವೂ ಇಲ್ಲದೆ ಮಾಡಿದ್ದಾರೆ" ಎಂದು ಬರೆದು ಸಹಿ ಹಾಕಿದಳು. ಹಾಕಿದ ಮೇಲೆ ಬಹಳ ದಿನಗಳ ನಂತರ ಹಗುರಾದಳು. ಅವಳಿಗಿಂತ ನಾನು ದೊಡ್ಡವಳು, ಇದೊಂದು ವಿಷಯದಲ್ಲಾದರೂ, ಎಂದುಕೊಂಡಳು.

ಪುಸ್ತಕ ಕೈಗೆ ಬಂದ ಕೂಡಲೇ ವರದಿಗಾರ್ತಿ ನಿಂತಲ್ಲೇ ಓದಿದಳು.

"ಅಕ್ಕ, ಮಡಿಚ್ಕೊಂಡಿದ್ದ ಟ್ಯೂಬ್ ಬಿಡಿಸಿದ್ದು ನೀವಲ್ವಾ?"

"ಅದೂ ಒಂದು ನೆರವೇನೇ? ನನ್ನ ಕೈ ಸುಮ್ನಿರಲ್ಲ, ಅದಕ್ಕೇ ಹೋದ ವರ್ಷ ನನ್ನ ಫೇಲ್ ಮಾಡಿದ್ರು. ತಗೊಂಡು ಹೋಗಿ ಕೊಡು."

"ನಾನು ಅದನ್ನ ನೋಡಿರ್ಲಿಲ್ಲ ಅಕ್ಕ. ಎದೆ ಮೇಲೆ ಕೈ ಇಟ್ಕೊಂಡು ಕಫ ಹುಡುಕ್ತಾ ಇದ್ದೆ."

"ಈ ಒಂದು ಪುಟಕ್ಕೆ ಇನ್ನು ಒಂದು ವರ್ಷ ಕಾಯ್ತೀಯಾ?"

"ಡಾಕ್ಟರು ದೂರ ಇದ್ದಾಗ, ನೀವೂ ರಜೆಯಲ್ಲಿದ್ದಾಗ, ಯಾರು ಬಿಡಿಸ್ತಾರೆ?"

ಅಷ್ಟು ಹೇಳಿ ಪುಟದ ಮೇಲೆ ಅಡ್ಡಗೆರೆ ಎಳೆದಳು. ಅದನ್ನೂ ಸ್ಕೇಲು ಇಟ್ಟು, ನೆಟ್ಟಗೆ. ಕೆಳಗೆ 'ಕಲಿತದ್ದು' ಎಂಬ ಅಂಕಣದಲ್ಲಿ ಬರೆದಳು: ಅಲಾರಂ ಆದಾಗ ಒಂದು ಕೈ ರೋಗಿಯ ಎದೆಯ ಮೇಲಿದ್ದರೆ, ಇನ್ನೊಂದು ಕೊಳವೆಯುದ್ದಕ್ಕೂ ಓಡಬೇಕು. ದೊಡ್ಡಕ್ಕನ ಕೈ ನೋಡಿ ಕಲಿತೆ.

ದೊಡ್ಡಕ್ಕನಿಗೆ ಉರಿದುಹೋಯಿತು. ವಿದ್ಯೆಯಲ್ಲಿ ಮುಂದಿದ್ದಳು, ಸಹಿಸಿದ್ದಾಯಿತು. ಉದಾರಳಾಗುವ ಒಂದೇ ಒಂದು ಅವಕಾಶ ತನಗೆ ಸಿಕ್ಕಿತ್ತು, ಅದನ್ನೂ ಕಸಿದುಕೊಂಡಳಲ್ಲ. ಆ ದಿನ ಊಟದ ಹೊತ್ತಿಗೆ ಅವಳು ತಾನಾಗಿಯೇ ಮೂರನೆಯ ತಟ್ಟೆ ಇಟ್ಟಳು. ಗಂಡ ನಗಲಿಲ್ಲ.

ಸೋಮವಾರ ಮೂರನೆಯ ಹಾಸಿಗೆಯಲ್ಲಿ ಅಲಾರಂ ಕೂಗಿತು. ದೊಡ್ಡಕ್ಕನ ಕೈ ಗುಂಡಿಯ ಕಡೆ ಅರ್ಧ ಹೋಗಿ ನಿಂತಿತು. ಬಗ್ಗಿ, ಕಣ್ಣು ಮುಚ್ಚಿ ಮಲಗಿದ್ದ ಮುದುಕಿಯ ಕಿವಿಯ ಹತ್ತಿರ, "ಏನೂ ಇಲ್ಲಮ್ಮ, ನೋಡ್ತೀನಿ, ಹೊರಗೆ ಬಿಸಿಲು ಬಂದಿದೆ" ಎಂದಳು. ಎಂದವಳೇ ತಲೆ ಎತ್ತಿ, ಯಾರಾದರೂ ಕೇಳಿಸಿಕೊಂಡರೇ ಎಂದು ಸುತ್ತ ನೋಡಿದಳು. ಆಚೆ ಬದಿಯಲ್ಲಿ ಹಸಿರು ಸ್ವೆಟರು, ಹೆಗಲು ಮುಂದೆ ಮಾಡಿ, ಒಂದು ಕೊಳವೆಯುದ್ದಕ್ಕೂ ಬೆರಳಾಡಿಸುತ್ತ ನಿಂತಿತ್ತು.

ಪ್ರಮಾಣಪತ್ರಗಳು ಬರುವ ಮೊದಲೂ ಇಂಥವರು ಇದ್ದರು, ಮುಂದೆಯೂ ಇರುತ್ತಾರೆ. ಅಳತೆಗೋಲನ್ನು ತಮ್ಮ ಮೇಲೆ ತಾವೇ ಇಟ್ಟುಕೊಳ್ಳುವವರು. ಕೂದಲೆಳೆಯಷ್ಟು ಕಡಿಮೆಯಾದರೂ ತಾವೇ ಎದ್ದು ಹೇಳುವವರು. ಅವರ ಪಕ್ಕದಲ್ಲಿ ದುಡಿಯುವುದು ಸುಖವಲ್ಲ. ಅವರನ್ನು ಪ್ರೀತಿಸುವುದು ದೂರದವರಿಗೆ ಸಾಧ್ಯ; ಹತ್ತಿರದವರಿಗೆ ಅಸೂಯೆಯೇ ಗತಿ. ಆ ಅಸೂಯೆಯಲ್ಲಿ ಬೇಯುತ್ತ ಬೇಯುತ್ತಲೇ ಅವರ ನಡಿಗೆ ನಮ್ಮ ಕಾಲಿಗೆ, ಅವರ ಮಾತು ನಮ್ಮ ನಾಲಿಗೆಗೆ ಬಂದು ಕೂತಿರುತ್ತದೆ. ಅದನ್ನು ಮಾತ್ರ ನಾವು ಯಾವ ಪುಸ್ತಕದಲ್ಲೂ ಬರೆದು ಸಹಿ ಹಾಕುವುದಿಲ್ಲ.