ಔಡಲೆಣ್ಣೆಯ ಇನ್ನೊಂದು ಬಾಟಲಿ

ವಾಸನೆ, ಹೌದು, ಔಡಲೆಣ್ಣೆಯದೇ ವಾಸನೆ, ಫಿನೈಲನ್ನೂ ಹೊಸ ಪರದೆಗಳ ಘಾಟನ್ನೂ ದಾಟಿಕೊಂಡು ಬಂದು ಮೌನೇಶ್ವರಿಯ ಮೂಗಿಗೆ ಹತ್ತಿತು, ಮಾತಿನ ನಡುವೆಯೇ ಕಣ್ಣೆತ್ತಿದರೆ ವಿಶ್ವವಿದ್ಯಾಲಯದ ಹಾಲಿನ ಹಿಂಬಾಗಿಲಲ್ಲಿ ಅವ್ವ ದುರುಗಮ್ಮ, ಬಗಲಲ್ಲಿ ನನ್ನ ಕೂಸು, ಬೆನ್ನಿಗೆ ನನ್ನ ಗಂಡ ಕೃಷ್ಣ — ಬಂದೇಬಿಟ್ಟಳಲ್ಲ ಪುಣ್ಯಾತ್ಗಿತ್ತಿ, ಮಾನ್ವಿಯಿಂದ ಈ ಬಿಸಿಲಲ್ಲಿ ಬಸ್ಸು ಹತ್ತಿ, ಮೂರು ತಿಂಗಳ ಕೂಸನ್ನು ಎತ್ತಿಕೊಂಡು, ನನ್ನ ಮಗಳು ಡಾಕ್ಟರ್ ಆಗೂದು ನಾ ನೋಡಬ್ಯಾಡೇನು ಎಂದು ನಿನ್ನೆಯಿಂದ ಹಟ ಹಿಡಿದಿದ್ದಳು, ಸೂಜಿ ಚುಚ್ಚೋ ಡಾಕ್ಟರ್ ಅಲ್ಲಬೇ ನಾ, ಎಂದರೆ ಯಾವುದಾದ್ರೇನು, ಡಾಕ್ಟರ್ ಅಂದ್ರ ಡಾಕ್ಟರೇ ಹೌದಿಲ್ಲೋ — ಬರಲಿ, ಬಹಿರಂಗ ಮೌಖಿಕ ಪರೀಕ್ಷೆ ಎಂದಮೇಲೆ ಯಾರು ಬೇಕಾದರೂ ಬಂದು ಕೂರಬಹುದು, ಈ ಸೀಮೆಯಲ್ಲಂತೂ ಪಿಎಚ್.ಡಿ. ಪರೀಕ್ಷೆ ಅಂದರೆ ಮನೆಯ ಕಾರ್ಯವೇ, ಫಲಿತಾಂಶ ಬಾಯಿಂದ ಬೀಳುವ ಮೊದಲೇ ಹಾರ ಬಂದಿರುತ್ತದೆ, ಶಾಲು ಬಂದಿರುತ್ತದೆ, ಅಗೋ ಕೃಷ್ಣನ ಕೈಯ ಪ್ಲಾಸ್ಟಿಕ್ ಚೀಲದಿಂದ ಸೇವಂತಿಗೆ ಇಣುಕುತ್ತಿದೆ, ಥೂ, ಮುಚ್ಚಿಟ್ಟುಕೋಬಾರದೇ ಮಾರಾಯ, ಪರೀಕ್ಷಕರು ನೋಡಿದರೆ ಏನಂದಾರು. ಅವ್ವ ಕೊನೆಯ ಸಾಲಿನ ಕುರ್ಚಿಯ ತುದಿಯಲ್ಲಿ, ಒರಗಿದರೆ ಎಲ್ಲಿ ಮೈಲಿಗೆಯಾದೀತೋ ಎಂಬ ಹಾಗೆ ಕೂತಳು — ಒರಗಬೇ, ಗಟ್ಟಿಯಾಗಿ ಒರಗು, ದೇವದುರ್ಗದ ಹತ್ತಿ ಹೊಲಗಳಲ್ಲಿ ಬಗ್ಗಿದ ಬೆನ್ನು ಅದು, ಈ ಕುರ್ಚಿಯ ಮೇಲೆ ನನಗಿಂತ ನಿನಗೇ ಹಕ್ಕು ಹೆಚ್ಚು. ಮೌನೇಶ್ವರಿ ನೀರಿನ ಗ್ಲಾಸು ಎತ್ತಿಕೊಂಡಳು.

ಹೇಳ್ರಿ ಮೌನೇಶ್ವರಿಯವರೆ, ಎಂದರು ಅನುರಾಧಾ ಮೇಡಂ, ಧಾರವಾಡದಿಂದ ಬಂದ ಪರೀಕ್ಷಕರು, ಅಷ್ಟೊಂದು ಕಲಿತ ಜರ್ಮನ್ನರಿಗೆ ಎಂಜಿನ್ನಿಗೆ ಹಾಕೂ ಎಣ್ಣಿನೂ ಪ್ರಯೋಗಶಾಲಿಯೊಳಗ ಹುಟ್ಟಿಸೂ ಪರಿಸ್ಥಿತಿ ಯಾಕ ಬಂತು — ಬಂತು ಮೇಡಂ, ಹೇಳುತ್ತೇನೆ, ಇದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ, ಹಳೆಯ ಕಾಲದ ವಿಮಾನಗಳು ಔಡಲೆಣ್ಣೆ ಕುಡಿದೇ ಹಾರಿದವು, ನಮ್ಮ ನಿಜಾಮನ ಸೀಮೆಯ ಔಡಲ ಬೀಜ ಹಡಗು ಹತ್ತಿ ಹೊರದೇಶ ಕಾಣುತ್ತಿತ್ತು, ಎರಡನೆಯ ಮಹಾಯುದ್ಧ ಬಂತು, ಜರ್ಮನ್ನರಿಗೆ ಕಡಲಿನ ದಾರಿ ಮುಚ್ಚಿತು, ಪೆಟ್ರೋಲಿಗೂ ಬರ, ಎಣ್ಣೆಗೂ ಬರ, ಇದ್ದದ್ದು ಕಲ್ಲಿದ್ದಲು ಒಂದೇ, ಅದನ್ನೇ ಒತ್ತಡದಲ್ಲಿ ಬೇಯಿಸಿ ವಿಮಾನದ ಪೆಟ್ರೋಲು ತೆಗೆದರು, ಅದರ ಅನಿಲವನ್ನು ಸರಪಳಿಯಾಗಿ ಹೆಣೆದು ಎಣ್ಣೆ ಮಾಡಿದರು, ರಷ್ಯಾದ ಚಳಿಯಲ್ಲಿ ಆ ಎಣ್ಣೆಯೂ ಬೆಲ್ಲದ ಪಾಕದಂತೆ ಗಟ್ಟಿಯಾಗಿ ಎಂಜಿನ್ನು ತಿರುಗದೆ ಹೋದಾಗ ಎಣ್ಣೆಗೇ ಪೆಟ್ರೋಲು ಬೆರೆಸಿದರು — ಬಾಯಿ ಹೇಳುತ್ತಿದೆ, ಒಳಗೊಳಗೇ ಮನಸ್ಸು ಕೈ ಮುಗಿಯುತ್ತಿದೆ, ಯಾರಿಗೆ, ಆ ಜರ್ಮನ್ ವರದಿಗಳಿಗೆ, ಯುದ್ಧ ಮುಗಿದಮೇಲೆ ಗೆದ್ದವರು ಪೆಟ್ಟಿಗೆಗಟ್ಟಲೆ ಹೊತ್ತೊಯ್ದು ಇಂಗ್ಲಿಷಿಗೆ ಇಳಿಸಿದ ಆ ಮಸುಕು ಪುಟಗಳಿಗೆ, ಮಾನ್ವಿಯ ಬಾಡಿಗೆ ಮನೆಯಲ್ಲಿ ಹೊಟ್ಟೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಓದುವಾಗ ಕೂಸು ಒಳಗಿನಿಂದ ಒದ್ದು ಪುಟ ಸರಿಸುತ್ತಿತ್ತು, ಎಷ್ಟು ಸೋತೆವು ಎಂಬುದನ್ನೂ ಬಿಡದೆ ಬರೆದಿಟ್ಟ ಜನ, ಆದರೆ ಆ ಕಾರ್ಖಾನೆಗಳಲ್ಲಿ ಕೈದಿಗಳನ್ನು ಸಾಯುವ ತನಕ ದುಡಿಸಿದ್ದು ಆ ಪುಟಗಳಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ, ಬೇರೆ ಕಡೆಯಿಂದ ತಂದು ಸೇರಿಸಬೇಕಾಯಿತು, ಅದಕ್ಕೇ ಮುಗಿದ ಕೈ ಅರ್ಧಕ್ಕೇ ಬಿಚ್ಚಿಕೊಳ್ಳುತ್ತದೆ, ಎಣ್ಣೆಗೊಂದು ಅಧ್ಯಾಯ ಇದ್ದರ ಮಂದಿಗೊಂದು ಇರಲಿ ಬಿಡವ್ವ, ತೆಗೀಬ್ಯಾಡ, ಎಂದಿದ್ದವರು ಮಾರ್ಗದರ್ಶಕರಾದ ಶರಣಯ್ಯ ಸರ್, ಅಗೋ ಗೋಡೆಯ ಪಕ್ಕ ಕಣ್ಣು ಮುಚ್ಚಿ ಕೂತಿದ್ದಾರೆ, ನಿದ್ದೆಯಲ್ಲ, ಮಗಳ ಹಾಡು ಕೇಳುವ ಅಪ್ಪನ ಹಾಗೆ, ನಿನ್ನೆ ಫೋನಿನಲ್ಲಿ ಒಂದೇ ಮಾತು ಹೇಳಿದರು, ಏನು ಕೇಳಿದ್ರೂ ನಿಂತು ಉತ್ತರ ಕೊಡವ್ವ, ನಡುವ ಎದ್ದು ಮಾತ್ರ ಹೋಗಬ್ಯಾಡ, ಹೋದರ ಪರೀಕ್ಷಾ ಬಿಟ್ಟಂಗ ಬರಕೊಂತಾರ. ಇಲ್ಲ ಸರ್, ಇಷ್ಟು ವರ್ಷ ಕಾದದ್ದು ಎದ್ದು ಹೋಗಲಿಕ್ಕಲ್ಲ. ಒಂದು ನಮೂನೆ ತೋರಿಸುತ್ತೇನೆ ಮೇಡಂ, ಎಂದು ಅವಳು ಚೀಲಕ್ಕೆ ಕೈ ಹಾಕಿದಳು.

ಗ್ರೈಪ್ ವಾಟರಿನ ಖಾಲಿ ಬಾಟಲಿ ಅದು, ತಾನು ಕಲಿಸುವ ಕಾಲೇಜಿನ ಲ್ಯಾಬಿನಲ್ಲಿ ಔಡಲೆಣ್ಣೆಗೆ ಒಂದು ಅಮೈನ್ ಮದ್ದು ಬೆರೆಸಿ ಅದರಲ್ಲಿ ತುಂಬಿಕೊಂಡಿದ್ದಳು, ಕಾಯಿಸಿದರೂ ಅಂಟಾಗದಂತೆ ಎಣ್ಣೆಯನ್ನು ತಡೆಯುವ ಮದ್ದು, ಲ್ಯಾಬಿನ ಬಾಟಲಿ ಸೋರುತ್ತಿತ್ತು, ಮನೆಯಲ್ಲಿ ಬಿಗಿ ಮುಚ್ಚಳದ ಇದು ಸಿಕ್ಕಿತು, ನಮ್ಮ ಮನೆಗಳಲ್ಲಿ ಯಾವ ಬಾಟಲಿಯನ್ನು ತಾನೇ ಎಸೆಯುತ್ತಾರೆ, ಟಾನಿಕ್ಕು ಮುಗಿದರೆ ಎಣ್ಣೆ, ಎಣ್ಣೆ ಮುಗಿದರೆ ಸೀಮೆಎಣ್ಣೆ — ಮುಚ್ಚಳ ತಿರುಗಿಸಿದಳು, ಇದರೊಳಗ ಮದ್ದು ಸೇರಿಸಿದ ಎಣ್ಣೆ ಇದೆ ಮೇಡಂ, ಎಂದಳು, ಮತ್ತು ಮೂಗಿಗೆ ಬಂದದ್ದು ಹುರಿದ ಬೀಜದ ಕಮ್ಮನೆ ವಾಸನೆ, ಬರೀ ಅದೇ, ಮದ್ದಿನ ಆ ಕಟು ವಾಸನೆ ಇಲ್ಲ, ಇನ್ನೊಮ್ಮೆ ಮೂಸಿದಳು, ಇಲ್ಲ — ಇದು ಅವ್ವ ದೇವದುರ್ಗದಲ್ಲಿ ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆದು ತಂದದ್ದು, ಕೂಸಿನದು, ಅದೂ ಇಂಥದ್ದೇ ಗ್ರೈಪ್ ವಾಟರಿನ ಬಾಟಲಿಯಲ್ಲಿ, ಅಡಿಗೆಮನೆಯ ಕಿಟಕಿಯಲ್ಲಿ, ಒಂದರ ಪಕ್ಕ ಒಂದು, ಅಯ್ಯೋ ಶಿವನೆ, ಅಂಟಿಸಿದ ಚೀಟಿ ಎಣ್ಣೆಗೆ ಜಾರಿ ಬಿದ್ದಿತ್ತು, ಬೆಳಿಗ್ಗೆ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಓಡಿದ್ದಳು, ಹಾಗಾದರೆ ಕಿಟಕಿಯಲ್ಲಿ ಉಳಿದದ್ದು — ಕೊನೆಯ ಸಾಲಿನಲ್ಲಿ ಕೂಸಿನ ಟೊಪ್ಪಿಗೆ ತೆಗೆದಿದ್ದಾಳೆ ಅವ್ವ, ನೆತ್ತಿಯ ಮೇಲೆ ಎಣ್ಣೆ ತೊಟ್ಟಿಕ್ಕುವಷ್ಟು, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಮಿಂಚುತ್ತಿದೆ, ಎಳೆಯ ನೆತ್ತಿ, ಇನ್ನೂ ಎಲುಬು ಕೂಡದ ನೆತ್ತಿ, ಅಲ್ಲಿ ಹಾಕಿದ್ದೆಲ್ಲ ಒಳಗಿಳಿಯುತ್ತದೆ, ಆ ಮದ್ದು ತೊಗಲಿನಿಂದಲೇ ರಕ್ತಕ್ಕೆ ಹೋಗುತ್ತದೆ, ಎಳೆ ಮಕ್ಕಳ ತುಟಿ ನೀಲಿಯಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಗದರಿಸಿ ಹೇಳಿದವಳು ಯಾರು, ಕೈಗವಸು ಇಲ್ಲದೆ ಮುಟ್ಟಿದರೆ ಲ್ಯಾಬಿನಿಂದ ಹೊರಗೆ ಎಂದವಳು ಯಾರು, ಇಷ್ಟು ದೂರದಿಂದ ತುಟಿಯ ಬಣ್ಣ ಕಾಣುತ್ತಿಲ್ಲ. ಇದೇ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಅವಳೇ ಬರೆದಿದ್ದಾಳೆ, ಯುದ್ಧದ ಹಸಿವಿನಲ್ಲಿ ಟಾರ್ಪಿಡೊಗೆ ಹಾಕುವ ಎಣ್ಣೆಯನ್ನು ಅಡಿಗೆಯ ಎಣ್ಣೆಯೆಂದು ಬಗೆದು ಹುರಿದುಕೊಂಡು ತಿಂದ ಜನ, ಕಾಲಿನ ಶಕ್ತಿ ಕಳಕೊಂಡ ಜನ, ಬರೆಯುವಾಗ ಅಂದುಕೊಂಡಿದ್ದಳು, ಎಣ್ಣೆ ಯಾವುದು, ವಿಷ ಯಾವುದು ಅಂತ ಇವರಿಗೆ ತಿಳಿಯಲಿಲ್ಲವೇ, ಅಂದುಕೊಂಡಿದ್ದಳು, ಕಾಫಿ ಕುಡಿಯುತ್ತಾ ಅಂದುಕೊಂಡಿದ್ದಳು. ಮೌನೇಶ್ವರಿಯವರೆ, ಮುಂದುವರೆಸ್ರಿ, ಎಂದರು ಮೇಡಂ. ಶರಣಯ್ಯ ಸರ್ ಕಣ್ಣು ತೆರೆದರು, ಕೂತಲ್ಲೇ ಕೈಯಿಂದ ಸನ್ನೆ ಮಾಡಿದರು, ನಿಲ್ಲು, ನಿಲ್ಲು. ಅವಳು ಬಾಟಲಿಯನ್ನು ಮೇಜಿನ ಮೇಲೆ ಇಟ್ಟು ವೇದಿಕೆ ಇಳಿದಳು.

ಹಾಲು ಎಷ್ಟು ಉದ್ದ, ಬರುವಾಗ ಇಷ್ಟು ಉದ್ದ ಇರಲಿಲ್ಲ, ಕುರ್ಚಿಗಳು ತಿರುಗಿ ನೋಡುತ್ತಿವೆ, ಯಾರೋ ಏನಾತ್ರಿ ಎಂದರು, ಮುಗಿಯಿತು, ಪರೀಕ್ಷೆ ಬಿಟ್ಟು ಬಂದೆ, ಬರೆದುಕೊಳ್ಳಲಿ, ಈ ಡಾಕ್ಟರ್ ಪದವಿ ಹಾಳಾಗಿ ಹೋಗಲಿ, ತುಟಿ ಕೆಂಪಗಿರಲಿ, ಯಪ್ಪಾ ಮೌನೇಶ, ನಿನ್ನ ಹೆಸರು ಇಟ್ಟುಕೊಂಡವಳು ನಾನು, ತುಟಿ ಕೆಂಪಗಿರಲಿ — ಕೂಸನ್ನು ಕಸಿದುಕೊಂಡಂತೆ ಎತ್ತಿಕೊಂಡಳು, ತುಟಿ, ತುಟಿ ಕೆಂಪಗೇ ಇತ್ತು, ಹಾಲಿನ ಗುಳ್ಳೆ ಬಿಡುತ್ತಿತ್ತು, ಅವಳ ಮುಖ ನೋಡಿ ಬೋಳು ಬಾಯಿ ತೆರೆಯಿತು, ಯವ್ವಾ, ಯಾವ ಎಣ್ಣಿ ಹಚ್ಚೀದಿ ಕೂಸಿಗೆ, ಕಿಟಕ್ಯಾಗಿನ ಬಾಟ್ಲಿದೇನು, ಹೇಳಬೇ, ಎಂದಳು, ಮೆಲ್ಲಗೆ ಕೇಳಿದೆನೆಂದುಕೊಂಡದ್ದು ಹಾಲಿಗೆಲ್ಲ ಕೇಳಿಸಿತು. ಅವ್ವ ಗಾಬರಿಯಾದಳು, ಅಷ್ಟು ಜನರ ಎದುರು ಮಗಳು ಜೋರು ಮಾಡಿದ್ದಕ್ಕಲ್ಲ, ಮಗಳು ಮಾತು ಬಿಟ್ಟು ಇಳಿದು ಬಂದದ್ದಕ್ಕೆ, ಅದ್ಯಾಕ ಬಂದೀ ಬೇ ನೀ, ಹೋಗು, ಅವರು ಕೇಳಾಕತ್ಯಾರ, ಹೋಗು ಮೊದ್ಲ, ಅದನ್ನ ಹಚ್ಚಿಲ್ಲ ನಾ, ಅದು ಚಲೋ ಇಲ್ಲ, ಬಾಜೂಕಿನ ಮಲಂಗಸಾಬರ ಮನಿಗೆ ಹೋಗಿ ಅವರ ಹೆಣ್ತಿ ಕಡಿಂದ ಒಂದೀಟು ಔಡಲೆಣ್ಣಿ ಇಸ್ಕೊಂಬಂದು ಹಚ್ಚೀನಿ. ಚಲೋ ಇಲ್ಲಂತ ನಿನಗ ಹ್ಯಾಂಗ ಗೊತ್ತಾತು. ಗೊತ್ತಾತು ಬಿಡು. ಹ್ಯಾಂಗ ಗೊತ್ತಾತು ಹೇಳು. ಅವ್ವ ಎಡಗೈಯನ್ನು ಸೆರಗಿನೊಳಗೆ ಇನ್ನೂ ಒಳಕ್ಕೆ ಎಳೆದುಕೊಂಡಳು, ಎಳೆದುಕೊಂಡದ್ದೇ ತಪ್ಪಾಯಿತು, ಮೌನೇಶ್ವರಿ ಸೆರಗು ಸರಿಸಿದಳು, ಮೊಣಕೈಯ ಒಳಮಗ್ಗುಲಲ್ಲಿ, ಬಿಸಿಲು ಕಾಣದ ತೊಗಲಿನಲ್ಲಿ, ಅಂಗೈಯಗಲ ಕೆಂಪು ದದ್ದು, ಸಣ್ಣ ಸಣ್ಣ ಗುಳ್ಳೆ ಎದ್ದು, ನಡುವೆ ಕೆರೆದುಕೊಂಡ ಗೆರೆ. ಯಾವಾಗಿನದು ಇದು. ಮುಂಜಾನಿದು, ಅಷ್ಟೇನಿಲ್ಲ, ಹಚ್ಚಿಕೊಂಡು ಸ್ವಲ್ಪ ಹೊತ್ತು ಕುಂತೆ, ಉರಿ ಹತ್ತಿತು, ಕೂಸಿಗೆ ಹಚ್ಚೂಕಿಂತ ಮೊದ್ಲ ನಾ ಹಚ್ಕೊಂಡೇ ನೋಡ್ತೀನಿ ಬೇ, ಹತ್ತಿ ಹೊಲದಾಗ ಹುಳಕ್ಕ ಎಣ್ಣಿ ಹೊಡಿಯೂ ಮಂದಿ ನಾವು, ಬಾಟ್ಲಿ ಮ್ಯಾಲಿನ ಹೆಸರು ಯಾರು ನಂಬ್ತಾರ, ನಿನಗೂ ಹಂಗ ಮಾಡೀನಿ, ನಿನ್ನ ತಮ್ಮಗೂ ಹಂಗ ಮಾಡೀನಿ, ಸುಟ್ರ ನನ್ನ ತೊಗಲು ಸುಡ್ಲಿ, ದಪ್ಪನ ತೊಗಲು, ಏನಾಗ್ತದ. ಮತ್ತೆ ನನಗ ಫೋನ್ ಯಾಕ ಮಾಡಲಿಲ್ಲ. ಪರೀಕ್ಷಾಕ ಕುಂತಾಕಿಗೆ ಯಾರು ಫೋನ್ ಮಾಡ್ತಾರ, ಹುಚ್ಚಿ, ಹೋಗು. ಕೃಷ್ಣ ಹಾರದ ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದ, ಬಸ್ಸಿನಾಗೂ ನನಗ ಹೇಳಿಲ್ಲ ನೋಡು, ಎಂದ, ಕೈ ಸರಳ ಇಡಲಾರದ್ದು ನೋಡಿ ಉಳುಕೇತೇನು ಅತ್ತಿ ಅಂದೆ, ಹೂಂ ಅಂದರು.

ಕೂಸನ್ನು ಅವ್ವನ ಕೈಗೆ ಕೊಟ್ಟು ಮರಳಿ ವೇದಿಕೆಗೆ ಹೇಗೆ ಹೋದಳೋ ಗೊತ್ತಿಲ್ಲ, ಕೂಸಿಗೇನರ ಆತೇನ್ರಿ ಎಂದು ಅನುರಾಧಾ ಮೇಡಂ ಕೇಳಿದ್ದು ಕೇಳಿಸಿತು, ಇಲ್ಲ ಮೇಡಂ, ಏನೂ ಆಗಿಲ್ಲ, ಕ್ಷಮಿಸ್ರಿ, ಎಂದದ್ದು ತನ್ನದೇ ಧ್ವನಿ, ಬಾಟಲಿ ಬದಲಿ ಆಗಿದೆ ಮೇಡಂ, ಇದು ನಮೂನೆಯಲ್ಲ, ನಮೂನೆ ಮನೆಯಲ್ಲಿ ಉಳಿಯಿತು, ನಿಜವನ್ನೇ ಹೇಳಿಬಿಟ್ಟಳು, ಮೇಡಂ ಶರಣಯ್ಯ ಸರ್ ಕಡೆ ನೋಡಿದರು, ಸರ್ ತಲೆ ತಗ್ಗಿಸಿದರು, ಮೇಡಂ ಪೆನ್ನು ಕೆಳಗಿಟ್ಟರು, ನಮೂನಿ ಇರಲಿ ಬಿಡ್ರಿ, ಮಗು ಹಡದು ಮೂರು ತಿಂಗಳಿಗೆ ಬಂದು ನಿಂತೀರಲ್ಲ, ನೀರು ಕುಡೀರಿ, ಇನ್ನೊಂದೇ ಪ್ರಶ್ನೆ ಉಳಿದಿದೆ, ಅದಕ್ಕ ಉತ್ತರ ಕೊಟ್ರ ನನಗ ಸಾಕು — ದೇವರು ದೊಡ್ಡವನು, ಮೇಡಂ ಅವನಿಗಿಂತ ಇವತ್ತು ಒಂದು ಗೇಣು ದೊಡ್ಡವರು, ಇವರ ಹೊಟ್ಟೆ ತಣ್ಣಗಿರಲಿ, ಸರ್ ಹೊಟ್ಟೆ ತಣ್ಣಗಿರಲಿ, ಕೇಳಿದ ಕೂಡಲೇ ಎಣ್ಣೆ ಕೊಟ್ಟ ಆ ಮಲಂಗಸಾಬರ ಹೆಂಡತಿಯ ಕೈ ತಣ್ಣಗಿರಲಿ, ಕೂಸಿನ ತುಟಿ ಕೆಂಪಗಿದೆ, ಇನ್ನೇನು ಬೇಕು, ಯಾರ ಕಾಲು ಹಿಡಿಯಲಿ ನಾನು ಮೊದಲು. ಪ್ರಶ್ನೆ ಬಂತು, ಹೊಸ ಎಣ್ಣೆ ತಯಾರಾದ ಕೂಡಲೇ ವಿಮಾನಕ್ಕೆ ಹಾಕುತ್ತಿರಲಿಲ್ಲ ಎಂದು ಬರೆದಿದ್ದೀರಿ, ಅದು ಒಳ್ಳೆಯದೋ ಕೆಟ್ಟದ್ದೋ ಹೇಗೆ ತಿಳಿದುಕೊಳ್ಳುತ್ತಿದ್ದರು — ಗೊತ್ತು, ಇದು ಗೊತ್ತು, ಮೂರನೆಯ ಅಧ್ಯಾಯ, ಅವಳು ಮೈಕಿನ ಹತ್ತಿರ ಬಂದಳು, ಒಂದೇ ಒಂದು ಸಿಲಿಂಡರಿನ ಎಂಜಿನ್ನು ಇಟ್ಟಿರುತ್ತಿದ್ದರು ಮೇಡಂ, ಹೊಸ ಎಣ್ಣೆಯನ್ನು ಮೊದಲು ಅದಕ್ಕೇ ಹಾಕುತ್ತಿದ್ದರು, ಕಾಯಿಸಿ ಕಾಯಿಸಿ ಓಡಿಸುತ್ತಿದ್ದರು, ಪಿಸ್ಟನ್ನಿನ ಉಂಗುರ ಅಂಟಿ ಹಿಡಿಯುವ ತನಕ, ಎಷ್ಟು ತಾಸು ತಡೆಯಿತೋ ಅಷ್ಟು ಆ ಎಣ್ಣೆಯ ಯೋಗ್ಯತೆ, ಕೆಟ್ಟರೆ ಅದೊಂದೇ ಕೆಡಲಿ ಎಂದು, ಸುಟ್ಟರೆ ಮೊದಲು ಅದೇ — ಅಲ್ಲಿ ನಿಂತಿತು ಮಾತು, ಹಾಲಿನ ಆ ತುದಿಯಲ್ಲಿ ಅವ್ವ ಈಗ ಒರಗಿ ಕೂತಿದ್ದಳು, ಕೂಸು ಅವಳ ಎಡಗೈಯ ಮೇಲೇ ಮಲಗಿತ್ತು, ಕೂಸಿನ ಭಾರಕ್ಕೆ ಸೆರಗು ಜಾರಿತ್ತು, ಆ ದದ್ದು, ಸುಟ್ಟರೆ ಮೊದಲು, ಹೇಳ್ರಿ ಎಂದರು ಮೇಡಂ, ಸುಟ್ಟರೆ, ಎಂದಳು ಮೌನೇಶ್ವರಿ, ಆ ಕೆಂಪು ದದ್ದು, ಅಂಗೈಯಗಲ, ಮೊಣಕೈಯ ಒಳಮಗ್ಗುಲಲ್ಲಿ, ಅದರ ಅಂಚಿಗೆ ಕೂಸಿನ ಕೆನ್ನೆ ತಾಗದಂತೆ ಅವ್ವ ಬಲಗೈಯನ್ನು ನಡುವೆ ಇಟ್ಟಿದ್ದಳು, ಆ ದದ್ದು —