ನುಂಗಿದ ಕೂಗು

ನಮ್ಮ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟನ್ನು ಬಿಸಿ ರೋಲರಿಗೆ ಕೊಡಲು ಇಬ್ಬರು ಬೇಕು. ಅಂಗಿಯ ತೋಳು ರೋಲರಿನ ಹತ್ತಿರ ಹೋದರೆ ತನ್ನದು ತನಗೆ ಕಾಣುವುದಿಲ್ಲ, ಜೋಡಿಯವಳೇ ಕೂಗಿ ಹೇಳಬೇಕು. ಅದೇ ಅಲ್ಲಿಯ ಪದ್ಧತಿ.

ರೋಲರಿನ ಹಳಬಳು ದೊಡ್ಡಕ್ಕ; ಅವಳಿಗೆ ಜೋಡಿಯಾಗಿ ಬಂದವಳು ಹೊರದೇಶದವಳು. ಎಲ್ಲರಿಗೂ ಅವಳು ಹೊಸಬಳು. ನಮ್ಮ ಮಾತು ಅರೆಬರೆ ಬರುತ್ತಿತ್ತು. ಅವಸರವಾದರೆ ತನ್ನ ಭಾಷೆಯಲ್ಲೇ ಕೂಗುತ್ತಿದ್ದಳು.

"ಆ ಕಲಕಲ ನನ್ನ ಮುಂದೆ ಬೇಡ ಕಣೇ," ಅವಳು ಬಂದ ಹೊಸತರಲ್ಲೇ ದೊಡ್ಡಕ್ಕ ಗದರಿಸಿದಳು. "ನಮ್ಮ ಮಾತು ಬಂದ್ರೆ ಆಡು, ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರು."

"ಯಾಕಕ್ಕಾ, ಆ ಭಾಷೆ ನಿನ್ನ ಗಂಟೇನಾದ್ರೂ ತಿಂತಾ?" ಇಸ್ತ್ರಿಯವನು ಕಿಚಾಯಿಸಿದ.

"ಕಿವಿಗೆ ಆಗಿಬರಲ್ಲಪ್ಪ. ದ್ವೇಷಗೀಷ ಏನಿಲ್ಲ."

ಒಂದು ಬೆಳಿಗ್ಗೆ ದೊಡ್ಡಕ್ಕನ ಅಂಗಿಯ ತೋಳು ರೋಲರಿಗೆ ಸಿಕ್ಕಿತು. ನಾನು ಆಚೆ ಬದಿಯಲ್ಲಿ ಮಡಚುತ್ತಿದ್ದೆ. ಹೊಸಬಳ ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಆಮೇಲೆ ಓಡಿಹೋಗಿ ಯಂತ್ರ ನಿಲ್ಲಿಸಿದಳು. ಅಷ್ಟರಲ್ಲಿ ಮುಂಗೈ ಬೆಂದಿತ್ತು.

ಕೈಗೆ ಪಟ್ಟಿ ಕಟ್ಟಿಸಿಕೊಂಡು ದೊಡ್ಡಕ್ಕ ಬಂದ ದಿನ ಮ್ಯಾನೇಜರು ಇಬ್ಬರನ್ನೂ ಕರೆದರು; ಕಣ್ಣಾರೆ ಕಂಡವಳೆಂದು ನನ್ನನ್ನೂ. ಹೊಸಬಳ ಕೆಲಸ ಹೋಗುವುದರಲ್ಲಿತ್ತು.

"ಎದುರಿಗೇ ಇದ್ದು ಯಾಕಮ್ಮ ಕೂಗಲಿಲ್ಲ?"

"ನಿಮ್ಮ ಮಾತು ಹುಡುಕಿದೆ, ಸಿಗಲಿಲ್ಲ. ನಮ್ಮದು ಬಾಯಿಗೆ ಬಂತು. ನುಂಗಿದೆ."

"ನುಂಗಿದ್ಯಾ? ಯಾಕೆ?"

ಅವಳು ನೆಲ ನೋಡಿದಳು. ದೊಡ್ಡಕ್ಕ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಬೇಡ ಅಂದಿದ್ದು ನಾನೇ ಸಾರ್. ಅವಳನ್ನ ಕಳಿಸಬೇಡಿ."

"ಅಂದ್ರೆ ಅವರ ಭಾಷೆ ಕಂಡ್ರೆ ದ್ವೇಷ ನಿಮಗೆ."

"ಹಾಗನ್ಬೇಡಿ! ದ್ವೇಷ ಇದ್ದಿದ್ರೆ ನನ್ನ ಡಬ್ಬಿಲಿ ಅವಳಿಗೆ ಪಾಲು ಕೊಡ್ತಿದ್ನಾ? ಆ ಮಾತು ಕೇಳಿದ್ರೆ ನನ್ನನ್ನೇ ಆಡ್ಕೋತಿದಾರೆ ಅನ್ಸುತ್ತೆ, ಮೈ ಉರಿಯುತ್ತೆ. ಅದಕ್ಕೆ ಏನಂತಾರೋ ನನಗೆ ಗೊತ್ತಿಲ್ಲ."

"ದ್ವೇಷ ಅಂದ್ರೆ ಏನು?" ಹೊಸಬಳು ನನ್ನ ಕಡೆ ತಿರುಗಿದಳು.

"ಇಷ್ಟ ಇಲ್ಲದ್ದು... ಅಲ್ಲ, ಅದಕ್ಕಿಂತ ಜಾಸ್ತಿ. ಇವರಿಗೆ ಕೆಡುಕಾಗ್ಲಿ ಅಂತ ಮನಸ್ಸಲ್ಲಿ ಅಂದ್ಕೊಳ್ಳೋದು."

ಅವಳು ಯೋಚಿಸಿ, "ದೊಡ್ಡಕ್ಕಂಗೆ ಅದು ಇಲ್ಲ," ಎಂದಳು.

ದೊಡ್ಡಕ್ಕನ ಮುಖ ಸಡಿಲವಾಯಿತು. ಮ್ಯಾನೇಜರಿಗೂ ಹಗುರವಾಯಿತು. "ಸರಿ, ಕೈ ವಾಸಿಯಾದ ಮೇಲೆ ಮತ್ತೆ ಜೋಡಿ ನಿಲ್ಲಿ. ಯಾವ ಭಾಷೇಲಾದ್ರೂ ಕೂಗ್ಕೊಳ್ಳಿ."

"ಕೆಲಸ ಬೇಕು," ಎಂದಳು ಹೊಸಬಳು. "ದೊಡ್ಡಕ್ಕನ ಜೋಡಿ ಬೇಡ."

"ಈಗ ತಾನೇ ನನಗೆ ಅದಿಲ್ಲ ಅಂದ್ಯಲ್ಲೇ!"

"ನಿಮಗೆ ಇಲ್ಲ." ಹೊಸಬಳ ದನಿ ಇಳಿಯಿತು. "ಅವತ್ತು ನಾನು ಯಾಕೆ ನುಂಗಿದೆ? ನಿಮ್ಮ ಹೆದರಿಕೆಗಾ? ಅಥವಾ ಈಗ ಇವರು ಹೇಳಿದ ಆ ದ್ವೇಷ ನನ್ನೊಳಗೇ ಇತ್ತಾ? ನನಗೇ ಗೊತ್ತಾಗ್ತಿಲ್ಲ ಅಕ್ಕಾ."

ದೊಡ್ಡಕ್ಕ ಪಟ್ಟಿ ಕಟ್ಟಿದ ಕೈಯನ್ನು ನಿಧಾನವಾಗಿ ಎದೆಗೆ ಎಳೆದುಕೊಂಡಳು.