ಹಾಸಿಗೆ ಹಿಡಿದ ಪಾತ್ರೆ

ಬೀದಿಯವರೆಲ್ಲ ಅವಳನ್ನು ಚೌಕಾಸಿಯಮ್ಮ ಎಂದೇ ಕರೆಯುತ್ತಿದ್ದರು. ಅದಕ್ಕೆ ಅವಳು ಬೇಜಾರು ಮಾಡಿಕೊಂಡವಳೂ ಅಲ್ಲ, ಬಿರುದು ಪುಕ್ಕಟೆ ಸಿಕ್ಕಿತಲ್ಲ! ಹೊಲಿಗೆ ಮಷಿನ್ ತುಳಿದು ಸಂಸಾರ ತೂಗಿಸಿದ ಹೆಂಗಸು. ಮಾರುಕಟ್ಟೆಗೆ ಎಲ್ಲರೂ ಬೆಳಿಗ್ಗೆ ಹೋದರೆ ಇವಳು ಹೋಗುತ್ತಿದ್ದದ್ದು ವ್ಯಾಪಾರಿಗಳು ಗೋಣಿಚೀಲ ಮಡಿಸುವ ಹೊತ್ತಿಗೆ. ಹೊತ್ತುಕೊಂಡು ವಾಪಸ್ ಹೋಗುವುದಕ್ಕಿಂತ ಈ ಅಮ್ಮನಿಗೆ ಕೊಟ್ಟು ಕೈತೊಳೆದುಕೊಳ್ಳುವುದೇ ಮೇಲು ಅಂತ ಅವರಿಗೂ ಅನ್ನಿಸಿಬಿಡುತ್ತಿತ್ತು. ಡಬ್ಬದ ಪದಾರ್ಥವಾದರೆ ಲೇಬಲ್ ಕಿತ್ತುಹೋದದ್ದೇ ಆಗಬೇಕು, ಅದು ಅರ್ಧ ಬೆಲೆ. ಒಳಗೇನಿದೆ ಅಂತ ಕೇಳಿದರೆ, "ತೆಗೆದಾಗ ಗೊತ್ತಾಗುತ್ತೆ, ಈಗಲೇ ಏನವಸರ?" ಅನ್ನುವಳು. ಒಮ್ಮೆ ಹಣ್ಣಿನ ಚೂರಿರಬೇಕು ಎಂದು ತೆಗೆದ ಡಬ್ಬದಲ್ಲಿ ಬೆಕ್ಕಿನ ಊಟವಿತ್ತು. ಅವತ್ತಿನಿಂದ ಪಕ್ಕದ ಮನೆಯ ಬೆಕ್ಕು ಇವರ ಮನೆಯಲ್ಲೇ ಠಿಕಾಣಿ ಹೂಡಿದೆ.

ಗಂಡನಾದರೂ ಸರಿ ಇದ್ದನೇ? ಅವನು ಅವಳಿಗೂ ಒಂದು ಕೈ ಮೇಲು. ಬಸ್ ಡ್ರೈವರ್ ಆಗಿದ್ದವನು, ಇಳಿಜಾರು ಕಂಡರೆ ಸಾಕು, ಇಂಜಿನ್ ಆಫ್ ಮಾಡಿ ಬಸ್ಸನ್ನು ಸುಮ್ಮನೆ ಉರುಳಲು ಬಿಡುತ್ತಿದ್ದ. ಪ್ರಯಾಣಿಕರು ಸೀಟು ಗಟ್ಟಿಯಾಗಿ ಹಿಡಿದು ದೇವರನ್ನು ನೆನೆಯುತ್ತಿದ್ದರು, ಇವನು ಉಳಿದ ಡೀಸೆಲ್ ನೆನೆದು ಮುಗುಳ್ನಗುತ್ತಿದ್ದ. ನಿವೃತ್ತಿಯಾದ ಮೇಲೆ ಆ ಚಾಳಿಯನ್ನೇ ಅಡುಗೆಮನೆಗೆ ತಂದ. "ಕುದಿ ಬಂತು ಅಂದ್ರೆ ಏರು ಮುಗೀತು ಅಂತ ಲೆಕ್ಕ. ಆಮೇಲೆ ಇಳಿಜಾರೇ ತಾನೆ? ಇನ್ಯಾಕೆ ಬೆಂಕಿ?" ಎಂದು ಒಲೆ ಆರಿಸಿ, ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ, ಹಾಸಿಗೆ ಮೇಲಿಟ್ಟು ರಜಾಯಿ ಹೊದಿಸಿಬಿಡುವನು. ಸುಳ್ಳು ಯಾಕೆ ಹೇಳಬೇಕು, ಅದರ ಪಾಡಿಗೆ ಅದು ಬೆಂದು ಬೆಣ್ಣೆಯಾಗುತ್ತಿತ್ತು. ತೊಂದರೆ ಅಂದರೆ ಮಧ್ಯಾಹ್ನ ಒಂಚೂರು ಮಲಗೋಣ ಎಂದು ಹೋದರೆ ಅಲ್ಲಿ ಕಾಳು ಮಲಗಿರುತ್ತಿತ್ತು.

ಇಂಥ ದಂಪತಿಗೆ ಒಬ್ಬಳೇ ಮಗಳು. ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಕೆಲಸ. ವ್ಯಾನಿನಲ್ಲಿ ಔಷಧಿ ತಂದಿಳಿಸುವ ಹುಡುಗನನ್ನು ಮೆಚ್ಚಿಕೊಂಡಿದ್ದಳು, ಅವನೂ ಇವಳನ್ನು. ಇನ್ನು ಹುಡುಗನ ತಾಯಿ ಬಂದು ಮನೆ ನೋಡಿ, ಊಟ ಮಾಡಿ, ಹೂಂ ಅನ್ನಬೇಕು. ಆ ತಾಯಿ ಸಾಮಾನ್ಯದವಳಲ್ಲ. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಹೆಡ್ ಸಿಸ್ಟರ್ ಆಗಿ ಡಾಕ್ಟರುಗಳನ್ನೇ ಗದರಿಸಿ ನಿವೃತ್ತಿಯಾದವಳು.

"ಅಮ್ಮಾ, ಅವರು ಇದಕ್ಕೆ ಮುಂಚೆ ಒಂದು ಸಂಬಂಧ ಬೇಡ ಅಂದುಬಿಟ್ರಂತೆ. ಯಾಕೆ ಗೊತ್ತಾ? ಆ ಮನೆಯೋರು ಜಿಪುಣರು ಅಂತ!" ಎಂದು ಮಗಳು ಅಪ್ಪ ಅಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದಳು. "ಒಂದೇ ಒಂದು ದಿನ ನಾವು ಮನುಷ್ಯರ ಥರ ಇರೋಣ. ಪೂರ್ತಿ ದುಡ್ಡು ಕೊಟ್ಟು ಸಾಮಾನು ತರೋದು. ಒಲೆ ಮೇಲೇ ಅಡುಗೆ ಮಾಡೋದು. ನನ್ನ ಮೇಲೆ ಆಣೆ ಇಡಿ."

ಇಬ್ಬರೂ ಇಟ್ಟರು. ಚೌಕಾಸಿಯಮ್ಮನಿಗೆ ಮಾತ್ರ ಆ 'ಮನುಷ್ಯರ ಥರ' ಅನ್ನುವ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ಹೆತ್ತ ಮಗಳಿಗೇ ನಮ್ಮನ್ನು ಕಂಡರೆ ನಾಚಿಕೆಯೇ? ಇರಲಿ, ನಾಚಿಕೆಪಟ್ಟುಕೊಂಡಾದರೂ ಸುಖವಾಗಿರಲಿ. ಈ ಸಂಬಂಧ ತನ್ನಿಂದ ಕೈತಪ್ಪಿದರೆ ತಾನು ಜನ್ಮದಲ್ಲಿ ತಲೆ ಎತ್ತುವ ಹಾಗಿಲ್ಲ ಅನ್ನಿಸಿತು ಅವಳಿಗೆ.

ಆ ದಿನ ಅವಳು ಹಣವಂತರ ಥರ ಬೆಳಿಗ್ಗೆಯೇ ಮಾರುಕಟ್ಟೆಗೆ ಹೋದಳು. ತರಕಾರಿಯವನು ಹೇಳಿದ ಬೆಲೆಯನ್ನು ಹಾಗೇ ಕೊಟ್ಟಳು. ಅವನು ಗಾಬರಿಯಾಗಿ, "ಯಾಕಮ್ಮ, ಮೈಗೆ ಹುಷಾರಿಲ್ವಾ?" ಎಂದು ಕೇಳಿದ. ಕೋಳಿ, ಕಾಳು, ಕ್ಯಾರೆಟ್ಟು ಎಲ್ಲ ತಂದು ಗಂಡನ ಕೈಗೆ ಕೊಟ್ಟು, "ಒಲೆ ಮೇಲೆ, ನೆನಪಿರಲಿ" ಎಂದು ಎಚ್ಚರಿಸಿ, ಹಣ್ಣು ತರಲು ಮತ್ತೆ ಹೊರಟಳು. ಬೇಗ ಬಂದುಬಿಡುತ್ತಿದ್ದಳು. ಆದರೆ ದಾರಿಯಲ್ಲೊಂದು ಅಂಗಡಿ 'ಮುಚ್ಚುತ್ತಿದ್ದೇವೆ, ಸಿಕ್ಕಿದ ಬೆಲೆಗೆ ಮಾರಾಟ' ಎಂದು ಬೋರ್ಡು ನೇತುಹಾಕಿತ್ತು. ಸುಮ್ಮನೆ ನೋಡಿ ಬರುತ್ತೇನೆ ಎಂದು ಒಳಹೊಕ್ಕವಳು, ಆಣೆ ನೆನಪಾಗುವಷ್ಟರಲ್ಲಿ ಹಿಡಿಯಿಲ್ಲದ ಒಂದು ಕಟ್ಟು ಕೊಡೆಗಳ ಜೊತೆ ಹೊರಗೆ ನಿಂತಿದ್ದಳು. ಹಿಡಿಯಿಲ್ಲದ ಕೊಡೆ ಯಾತಕ್ಕೆ ಅಂತ ನನ್ನನ್ನು ಕೇಳಬೇಡಿ, ಅವಳಿಗೂ ಗೊತ್ತಿರಲಿಲ್ಲ.

ಮನೆಗೆ ಓಡಿಬಂದು ನೋಡುತ್ತಾಳೆ, ಒಲೆ ತಣ್ಣಗಿದೆ. ಗಂಡ ಕುರ್ಚಿಯಲ್ಲಿ ಕೂತು ಕಾಲಾಡಿಸುತ್ತಿದ್ದಾನೆ.

"ರೀ, ಸಾರೆಲ್ಲಿ?"

ಅವನ ಕಣ್ಣು ಹಜಾರದ ಮೂಲೆಯಲ್ಲಿದ್ದ ಮಂಚದ ಕಡೆ ಹೊರಳಿತು. ಇದ್ದೊಂದು ಕೋಣೆ ಮಗಳಿಗೆ, ಇವರಿಬ್ಬರದು ಹಜಾರದಲ್ಲೇ ಹಾಸಿಗೆ. ಅದರ ಮೇಲೆ ಎರಡು ರಜಾಯಿ, ಒಂದು ಶಾಲು, ಒಂದು ತುದಿಗೆ ಎರಡು ದಿಂಬು. ಥೇಟ್ ಯಾರೋ ಮುದುಡಿಕೊಂಡು ಮಲಗಿದ ಹಾಗಿತ್ತು.

"ಅಯ್ಯೋ ನಿಮ್ಮ! ಆಣೆ ಇಟ್ಟಿದ್ರಲ್ರೀ!"

"ಕುದಿ ಬರೋವರೆಗೂ ಒಲೆ ಮೇಲೇ ಇಟ್ಟಿದ್ದೆ ಕಣೆ. ಆಮೇಲೆ ಆ ಉರಿ ಸುಮ್ಮನೆ ಉರಿಯೋದು ನೋಡಿ ಹೊಟ್ಟೆ ಉರೀತು. ಈಗ ಕಾಳು ಅರ್ಧ ದಾರೀಲಿದೆ. ಬಿಚ್ಚಿದ್ರೆ ಗಾಡಿ ಅಲ್ಲೇ ನಿಂತುಬಿಡುತ್ತೆ. ಅವರು ಬರೋಕೆ ಇನ್ನೂ ಒಂದು ಗಂಟೆ ಇದೆಯಲ್ಲ, ಅಷ್ಟರಲ್ಲಿ…"

ಬಾಗಿಲು ಬಡಿದ ಸದ್ದಾಯಿತು. ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ಹೇಳಿದ ಹೊತ್ತಿಗಿಂತ ಮುಂಚೆಯೇ ಬರುತ್ತಾರೆ ಅಂತ ಇವರಿಗೇನು ಗೊತ್ತು? ಚೌಕಾಸಿಯಮ್ಮ ಕೊಡೆಗಳನ್ನು ಮಂಚದ ಕೆಳಗೆ ತಳ್ಳಿ, ಮುಖದ ಬೆವರು ಒರೆಸಿಕೊಂಡು ಬಾಗಿಲು ತೆಗೆದಳು.

ಮಗನನ್ನು ಹಿಂದಿಟ್ಟುಕೊಂಡು ಹುಡುಗನ ತಾಯಿ ನೆಟ್ಟಗೆ ಒಳಗೆ ಬಂದಳು. ಬಿಳಿ ಕೂದಲನ್ನು ಎಳೆದು ಕಟ್ಟಿದ ಗಂಟು, ಎಲ್ಲವನ್ನೂ ಒಂದು ಸುತ್ತು ನೋಡಿ ಮುಗಿಸುವ ಕಣ್ಣು. ಆ ಕಣ್ಣು ಬಂದು ನಿಂತದ್ದು ಮಂಚದ ಮೇಲೆ.

"ಯಾರಿಗೆ ಹುಷಾರಿಲ್ಲ?"

ಚೌಕಾಸಿಯಮ್ಮ ಗಂಡನ ಮುಖ ನೋಡಿದಳು. ಸಾರು ಅನ್ನಲೇ? ಅಂದರೆ ಸಂಬಂಧ ಮುಗಿದ ಹಾಗೆ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ನಮ್ಮತ್ತೆ."

"ನಮ್ಮಮ್ಮನಾ?" ಎಂದ ಡ್ರೈವರು ಬೆಚ್ಚಿಬಿದ್ದು. ಅವನ ತಾಯಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

"ಹೌದ್ರೀ, ನಿಮ್ಮಮ್ಮನೇ!" ಹೆಂಡತಿ ಕಣ್ಣು ಕೆಕ್ಕರಿಸಿದಳು. ಅವನು ಮಂಚ ನೋಡಿದ, ಹೆಂಡತಿಯನ್ನು ನೋಡಿದ, ತಲೆ ತಗ್ಗಿಸಿ ಕರವಸ್ತ್ರ ತೆಗೆದ. ನಟನೆಯೋ ನಿಜವೋ, ಒಂದು ಹನಿ ನೀರೂ ಬಂತು.

ಅಷ್ಟರಲ್ಲಿ ಮಗಳು ಹೊಸ ಬಟ್ಟೆ ತೊಟ್ಟು ಕೋಣೆಯಿಂದ ಹೊರಬಂದಳು. "ಅಜ್ಜಿಗೆ ಈಗ ಹೇಗಿದೆಯಮ್ಮ?" ಎಂದು ಸಿಸ್ಟರ್ ಕೇಳಿದಳು. ಮಗಳು ರಜಾಯಿಯ ಗುಡ್ಡವನ್ನು ನೋಡಿದ್ದೇ ತಡ, ಅಪ್ಪನ ಕರಾಮತ್ತು ಅರ್ಥವಾಗಿಹೋಯಿತು. ಹಲ್ಲು ಕಚ್ಚಿಕೊಂಡು, "ಹಾಗೇ ಇದಾರೆ" ಎಂದಳು.

"ಯಾವಾಗಿಂದ ಹೀಗೆ?"

"ಬೆಳಿಗ್ಗೆ ಚೆನ್ನಾಗೇ ಕುದೀತಿದ್ರು," ಎಂದ ಡ್ರೈವರು, ಪಾಪ, ಕೇಳಿದ್ದಕ್ಕೆ ಪ್ರಾಮಾಣಿಕವಾಗಿ.

"ಅಂದ್ರೆ, ಮೈ ಕುದೀತಿತ್ತು, ಜ್ವರಕ್ಕೆ!" ಎಂದು ಹೆಂಡತಿ ತೇಪೆ ಹಚ್ಚಿದಳು.

"ಹೊಟ್ಟೆಗೇನಾದ್ರೂ ಹಾಕಿದೀರಾ?"

"ಎಲ್ಲಾ ಹಾಕಿದೀನಿ. ಉಪ್ಪು ಖಾರ ಮಾತ್ರ ಕೊನೇಲಿ ಒಂದ್ಸಲ ನೋಡ್ಬೇಕು."

ಚೌಕಾಸಿಯಮ್ಮ ಅವನ ಕಾಲು ತುಳಿದಳು. ಹುಡುಗ ಇದ್ಯಾವುದೂ ಕೇಳಿಸಿಕೊಳ್ಳದೆ ಮೂಗು ಅರಳಿಸಿ ಗಾಳಿ ಎಳೆದುಕೊಳ್ಳುತ್ತಿದ್ದ. "ಏನೋ ಘಮಘಮ ಅಂತಿದೆ. ಆ ಕಡೆಯಿಂದಾನೇ ಬರ್ತಿದೆ."

"ಅದು ಲೇಪ," ಎಂದಳು ಚೌಕಾಸಿಯಮ್ಮ ಅವಸರದಲ್ಲಿ. "ಎದೆಗೆ ಹಚ್ಚಿರೋದು. ಬೆಳ್ಳುಳ್ಳಿ, ಮೆಣಸು ಎಲ್ಲ ಅರೆದು…"

"ಆಹಾ, ಈ ಲೇಪದ ವಾಸನೆಗೆ ಹಸಿವು ಕೆರಳ್ತಾ ಇದೆ!" ಎಂದ ಹುಡುಗ. ಮಗಳು ಗೋಡೆಯ ಕಡೆ ತಿರುಗಿ ನಿಂತಳು.

ಸಿಸ್ಟರ್ ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತೇಬಿಟ್ಟಳು. ಮಲಗಿದ ರೋಗಿಯನ್ನು ನೋಡಿಯೂ ಸುಮ್ಮನಿರುವುದು ಆ ಜೀವಕ್ಕೆ ಸಾಧ್ಯವೇ? "ಮುಖ ನೋಡ್ತೀನಿ" ಎಂದು ರಜಾಯಿಯ ತುದಿ ಹಿಡಿದಳು. "ಬೇಡ, ಗಾಳಿ ಹೋದ್ರೆ ಕೆಟ್ಟುಹೋಗುತ್ತೆ!" ಎಂದು ಡ್ರೈವರು ಅಡ್ಡ ಬಿದ್ದ. "ಸರಿ, ನಾಡಿ ಆದ್ರೂ ನೋಡ್ತೀನಿ" ಎಂದವಳೇ ಕೈಯನ್ನು ಒಳಗೆ ತೂರಿಸಿದಳು.

ಸಿಸ್ಟರ್ ತಡಕಾಡಿದಳು, ಹುಬ್ಬು ಗಂಟಿಕ್ಕಿದಳು, ಮತ್ತೆ ತಡಕಾಡಿದಳು.

"ಮೈ ಕೆಂಡ ಆಗಿದೆ. ನಾಡಿ ಸಿಗ್ತಾನೇ ಇಲ್ಲ."

"ಸಿಗಲ್ಲ," ಎಂದ ಡ್ರೈವರು ಮೆಲ್ಲಗೆ.

"ಕಿವಿ ಯಾಕೆ ಇಷ್ಟು ದೊಡ್ಡದು? ಗಟ್ಟಿ ಬೇರೆ ಇದೆ."

"ನಮ್ಮ ವಂಶದಲ್ಲೇ ಹಾಗೆ." ಅವನು ತನ್ನ ಕಿವಿಯನ್ನು ಮುಟ್ಟಿ ತೋರಿಸಿದ.

ಅಷ್ಟೊತ್ತಿಗೆ ಸರಿಯಾಗಿ ಒಳಗಿನಿಂದ ಗುಳುಗುಳು ಎಂದು ಸದ್ದು ಬಂತು. ಸಿಸ್ಟರ್ ಕೈ ಹೊರಗೆಳೆದುಕೊಂಡು ಎದ್ದು ನಿಂತಳು. ಮುಖ ಬಿಗಿದಿತ್ತು.

"ಇದು ಇಲ್ಲಿಟ್ಟುಕೊಳ್ಳೋ ಕೇಸಲ್ಲ. ಆಂಬುಲೆನ್ಸ್ ಕರೀತೀನಿ. ಇಂಥ ಸ್ಥಿತೀಲಿರೋ ಹಿರಿಜೀವನ ಮೂಲೆಗೆ ಹಾಕಿ, ನೆಂಟರ ಮುಂದೆ ಹಲ್ಲು ಕಿರೀತಾ ನಿಂತಿದೀರಲ್ಲ, ನಿಮಗೆ ಕರುಳು ಅನ್ನೋದಿಲ್ವಾ? ಈ ಮನೆ ಸಂಬಂಧ ನಮಗೆ ಬೇಡ. ಏಳೋ, ಹೊರಡೋಣ."

ಹುಡುಗ ಏಳಲಿಲ್ಲ, ಹುಡುಗಿಯ ಮುಖವನ್ನೇ ನೋಡುತ್ತ ಕೂತ. ಅವಳ ಮುಖ ಬಣ್ಣಗೆಟ್ಟಿತ್ತು. ಅದನ್ನು ಕಂಡು ಚೌಕಾಸಿಯಮ್ಮನಿಗೆ ಎದೆ ಒಡೆದುಹೋಯಿತು. ಜಿಪುಣಿ ಅನ್ನಿಸಿಕೊಳ್ಳಬಾರದು ಎಂದು ಹೊರಟು ಕಟುಕಿ ಅನ್ನಿಸಿಕೊಂಡಳಲ್ಲ! ಸೀದಾ ಹೋಗಿ ಶಾಲು, ರಜಾಯಿ, ದಿಂಬು ಎಲ್ಲವನ್ನೂ ಕಿತ್ತು ಬಿಸಾಡಿದಳು.

"ಮುಚ್ಚಳ ಮಾತ್ರ ತೆಗೀಬೇಡ ಕಣೇ!" ಎಂದು ಗಂಡ ಅಂಗಲಾಚಿದ.

ಹಾಸಿಗೆಯ ಮೇಲೆ, ಟವೆಲ್ ಸುತ್ತಿಕೊಂಡು, ಎರಡೂ ಹಿಡಿಗಳನ್ನು ಚಾಚಿಕೊಂಡು, ದೊಡ್ಡ ಪಾತ್ರೆ ಕೂತಿತ್ತು.

"ನೋಡಿ ಇವರೇ ನಮ್ಮತ್ತೆ," ಎಂದಳು ಚೌಕಾಸಿಯಮ್ಮ. "ಗ್ಯಾಸ್ ಉಳಿಸೋಕೆ ನನ್ನ ಗಂಡ ಮಲಗಿಸಿದ್ದು. ನಾವು ಜಿಪುಣರು, ಒಪ್ಕೋತೀನಿ. ಮಂಚದ ಕೆಳಗೆ ಹಿಡಿಯಿಲ್ಲದ ಕೊಡೆ ಬೇರೆ ಇದಾವೆ, ಅದನ್ನೂ ನೋಡ್ಕೊಳ್ಳಿ. ನಮ್ಮನ್ನ ಏನು ಬೇಕಾದ್ರೂ ಅನ್ನಿ. ಆದ್ರೆ ನನ್ನ ಮಗಳು ನಮ್ಮಂಥವಳಲ್ಲ. ಅವಳಿಗೆ ಇದೆಲ್ಲ ಕಂಡ್ರೆ ಆಗಲ್ಲ. ದಿನಾ ನಮಗೆ ಬೈತಾಳೆ. ನಮ್ಮ ಬುದ್ಧಿ ಅವಳಿಗೆ ಒಂದು ಚೂರೂ ಅಂಟಿಲ್ಲ. ಅವಳನ್ನ ಬೇಡ ಅನ್ಬೇಡಿ."

ಸಿಸ್ಟರ್ ಮತ್ತೆ ಕುರ್ಚಿಯ ಮೇಲೆ ಕೂತಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೋ ಏನೋ ಎಂದು ಎಲ್ಲರೂ ಗಾಬರಿಯಾದರು. ನೋಡಿದರೆ ನಗು, ತಡೆದು ತಡೆದು ಕಣ್ಣಲ್ಲಿ ನೀರು ಬಂದಿದ್ದ ನಗು.

"ಅಲ್ಲಮ್ಮಾ, ಜೀವಮಾನವಿಡೀ ನಾಡಿ ಹಿಡಿದವಳಿಗೆ ಅತ್ತೆ ಯಾವುದು ಪಾತ್ರೆ ಯಾವುದು ಗೊತ್ತಾಗಲ್ವಾ? ಮುಟ್ಟಿದ ತಕ್ಷಣ ಗೊತ್ತಾಯ್ತು. ಯಾವಾಗ ಬಾಯಿ ಬಿಡ್ತೀರೋ ಅಂತ ಕಾಯ್ತಿದ್ದೆ. ಬಿಡೋ ಹಾಗೇ ಕಾಣ್ಲಿಲ್ಲ, ಅದಕ್ಕೇ ಆಂಬುಲೆನ್ಸ್ ಮಾತು ತೆಗೆದೆ."

"ಜಿಪುಣರು ಅಂತ ನೀವು ಆ ಸಂಬಂಧ…" ಚೌಕಾಸಿಯಮ್ಮ ತಡವರಿಸಿದಳು.

"ಅವರು ನಮ್ಮ ತಟ್ಟೆಗೆ ಅಳೆದು ಅಳೆದು ಹಾಕಿದ್ರು ಕಣ್ರೀ. ನಿಮ್ಮ ಪಾತ್ರೆ ನೋಡಿದ್ರೆ ಇಡೀ ವಾರ್ಡಿಗೆ ಬಡಿಸ್ಬೋದು. ಇನ್ನೆಷ್ಟು ಹೊತ್ತು ಬೇಕು ಇದಕ್ಕೆ?"

"ಅರ್ಧ ಗಂಟೆ," ಎಂದ ಡ್ರೈವರು, ರಜಾಯಿ ಎತ್ತಿಕೊಂಡು ಆಗಲೇ ಪಾತ್ರೆಗೆ ಹೊದಿಸುತ್ತ.

"ಅನ್ನ?"

"ಬೀರೂಲಿದೆ. ಸ್ವೆಟರ್‌ಗಳ ಮಧ್ಯೆ."

ಹಾಗೆ ಐದೂ ಜನ ಆಸ್ಪತ್ರೆಗೆ ರೋಗಿ ನೋಡಲು ಬಂದವರ ಹಾಗೆ ಮಂಚದ ಸುತ್ತ ಕೂತು ಕಾದರು. ಪಿಸುಮಾತಿನಲ್ಲೇ ಹರಟಿದರು. ಹುಡುಗ ಮಾತ್ರ ಆಗಾಗ ಬಗ್ಗಿ, "ಅಜ್ಜೀ, ಬೇಗ ಗುಣ ಆಗಿ" ಅನ್ನುತ್ತಿದ್ದ. ಕೊನೆಗೆ ಡ್ರೈವರು ಮುಚ್ಚಳ ತೆಗೆದಾಗ ಕಾಳು ಬೆಣ್ಣೆಯ ಹಾಗೆ ಬೆಂದಿತ್ತು, ಅವನ ಮುಖದಲ್ಲಿ ಬಸ್ಸನ್ನು ಬೆಟ್ಟದ ಬುಡಕ್ಕೆ ತಲುಪಿಸಿದ ಕಳೆ ಇತ್ತು.

ಊಟಕ್ಕೆ ಕೂತಾಗ ಮಗಳು ಬಡಿಸಲು ಬಗ್ಗಿದಳು. ಸಿಸ್ಟರ್ ಅವಳ ಕತ್ತಿನ ಹಿಂಭಾಗವನ್ನೇ ಕಣ್ಣು ಕಿರಿದು ಮಾಡಿ ನೋಡಿದಳು.

"ಇದೇನಮ್ಮ ಇಲ್ಲಿ ನೇತಾಡ್ತಿದೆ?"

ಮಗಳ ಕೈ ಥಟ್ಟನೆ ಕತ್ತಿಗೆ ಹೋಯಿತು. ಹೊಸ ಬಟ್ಟೆಯ ಬೆಲೆಚೀಟಿ ದಾರದ ಸಮೇತ ಹೊರಗೆ ಬಂದಿತ್ತು.

"ಅದು… ಕಿತ್ತಿಲ್ಲ. ಕಿತ್ರೆ ವಾಪಸ್ ತಗೊಳ್ಳಲ್ಲ ಅಂಗಡಿಯವರು." ಅವಳು ಕೆಂಪಾಗಿ ನೆಲ ನೋಡಿದಳು. "ಇವತ್ತೊಂದಿನ ಹಾಕ್ಕೊಂಡು ನಾಳೆ ಕೊಟ್ಟುಬಿಡೋಣ ಅಂತ. ಒಂದು ದಿನಕ್ಕೆ ಅಷ್ಟು ದುಡ್ಡು ಯಾರು ಕೊಡ್ತಾರೆ?"

ಚೌಕಾಸಿಯಮ್ಮ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತುಬಿಟ್ಟಳು. ತನಗೂ ಎಂದೂ ಹೊಳೆಯದ ಉಪಾಯ! ಎದೆಯ ಮುಳ್ಳು ಎಲ್ಲಿ ಹೋಯಿತೋ, ಅಷ್ಟು ಸಂತೋಷ ಅವಳಿಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ. "ನನ್ನ ಬಂಗಾರ" ಎಂದಳು. ಡ್ರೈವರಂತೂ ಈಗ ನಿಜವಾಗಿಯೇ ಕರವಸ್ತ್ರ ತೆಗೆದ.

ಎಲ್ಲರೂ ಸಿಸ್ಟರ್ ಮುಖ ನೋಡಿದರು. ಅವಳು ಎದ್ದು, ಪಾತ್ರೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಕೊಡವಿ, ಮಗಳನ್ನು ಮಗನ ಪಕ್ಕದಲ್ಲಿ ಕೂರಿಸಿದಳು. ಬೆಲೆಚೀಟಿಯನ್ನು ಜೋಪಾನವಾಗಿ ಕಾಲರಿನೊಳಗೆ ಸೇರಿಸಿ, ಟವೆಲನ್ನು ಅವಳ ಕತ್ತಿನಿಂದ ಮಡಿಲವರೆಗೆ ಹೊದಿಸಿ ಹಿಂದೆ ಗಂಟು ಹಾಕಿದಳು.

"ಹುಷಾರಾಗಿ ತಿನ್ನು ಮಗಳೇ," ಎಂದಳು. "ಕಲೆ ಆದ್ರೆ ತಗೊಳ್ಳಲ್ಲ ಅವರು."